ರಾಜನ ದಾನ, ಸಭಾಪತಿಯ ಬರಹ

ಬೇರೆಯವರ ಪರವಾಗಿ ಬರೆದುಕೊಡುವ ಕೆಲಸ ನಮ್ಮ ಹಂಪಿ ಸೀಮೆಗೆ ಹೊಸದಲ್ಲ. ಕೃಷ್ಣದೇವರಾಯನ (1509–1529) ಹಲವು ತಾಮ್ರಶಾಸನಗಳ ಸಂಸ್ಕೃತ ಶ್ಲೋಕ ರಚಿಸಿದವನು ಸಭಾಪತಿ. ಕೆತ್ತಿದವನು ಮಲ್ಲಣನ ಮಗ ವೀರಣಾಚಾರ್ಯ. ಕೊನೆಗೆ ಕನ್ನಡ ಲಿಪಿಯಲ್ಲಿ ‘ಶ್ರೀ ವಿರೂಪಾಕ್ಷ’ ಎಂಬ ರಾಜನ ಅಂಕಿತ. ಮುಂದೆ ಅಚ್ಯುತರಾಯನಿಗೂ ಸಭಾಪತಿ ಬರೆದುಕೊಟ್ಟ.

ಬರಹಕ್ಕೊಂದು ಕ್ರಮವಿತ್ತು: ದೇವರ ಸ್ತುತಿ, ರಾಜವಂಶ, ದಾನ ಪಡೆದವರು, ಊರಿನ ಎಲ್ಲೆ, ದಾನ ಕೆಡಿಸಿದವರಿಗೆ ಶಾಪ. ದಾನ ರಾಜನದು, ಆದರೂ ಬರೆದವನ, ಕೆತ್ತಿದವನ ಹೆಸರು ಪಟದಲ್ಲೇ ಇದೆ. ನಮ್ಮ ಹಳೆಯ ಕ್ರಯಪತ್ರಗಳ ‘ಬಿಕ್ಕಲಂ’ ಸಾಲೂ ಬರೆದವರು ಯಾರೆಂದು ಹೇಳುತ್ತದೆ. ನಾಳೆ ತಕರಾರು ಬಂದರೆ ಕೇಳಲು ಒಬ್ಬರಿರಬೇಕಲ್ಲ!

ಹೊಸಪೇಟೆ, ಸಂಡೂರು, ಕಂಪ್ಲಿಯಲ್ಲಿ ಅರ್ಜಿ, ಪತ್ರ ಬರೆಯಲು ಕೂರುವ ಹೊಸಬರಿಗೆ ನಾವು ಹೇಳುವುದಿಷ್ಟೇ: ಸರ್ವೆ ನಂಬರು, ಚೆಕ್ಕುಬಂದಿ ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿ.