ಮೇರಿ ಲೂ ಮನೆಯ ಪಿಯಾನೋ

ಜಾಝ್ ಎಂದೊಡನೆ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು ಹಳೆಯ ಹಿಂದಿ ಚಿತ್ರಗಳ ಕ್ಲಬ್ಬು, ಸಿಗರೇಟಿನ ಹೊಗೆ, ಮನಸ್ಸಿಗೆ ಬಂದಂತೆ ಊದುವ ಟ್ರಂಪೆಟ್. ಆದರೆ ಕಛೇರಿ ಕೇಳಿ ಬೆಳೆದ ನಮಗೆ ಅದರ ಒಳಗುಟ್ಟು ತೀರ ಅಪರಿಚಿತವಲ್ಲ. ಕಲ್ಪನಾಸ್ವರ ಹಾಡುವ ಗಾಯಕಿ ರಾಗ, ತಾಳ ಬಿಡುವಂತಿಲ್ಲ. ಆದರೂ ಸ್ವರಗಳು ಆ ಹೊತ್ತಿಗೇ ಹುಟ್ಟಬೇಕು, ಪಿಟೀಲಿನವರು ಅದನ್ನು ಕೇಳಿಸಿಕೊಂಡು ಉತ್ತರ ಕೊಡಬೇಕು. ಜಾಝ್‌ನಲ್ಲೂ ಎಲ್ಲರಿಗೂ ಗೊತ್ತಿರುವ ಒಂದು ಹಾಡಿರುತ್ತದೆ. ಅದರ ಅಡಿಯಲ್ಲಿ ಸ್ವರಗುಚ್ಛಗಳು ಗೊತ್ತಾದ ಸರದಿಯಲ್ಲಿ, ತಾಳದ ಆವರ್ತದ ಹಾಗೆ ಸುತ್ತುತ್ತಿರುತ್ತವೆ. ಅದರ ಮೇಲೆ ಒಬ್ಬೊಬ್ಬರಾಗಿ ತಮ್ಮ ಮಾತು ಹೇಳುತ್ತಾರೆ, ಉಳಿದವರು ಆಸರೆಯಾಗುತ್ತಾರೆ. ಬೆಂಗಳೂರಿನ ಆರ್.ಎ. ರಮಾಮಣಿಯವರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ 1983ರಲ್ಲಿ ‘ಜ್ಯೋತಿ’ ಧ್ವನಿಮುದ್ರಿಕೆಗೆ ಹಾಡಲು ಸಾಧ್ಯವಾದದ್ದು ಈ ನೆಂಟಸ್ತಿಕೆಯಿಂದಲೇ.

ಹೊಲದಲ್ಲಿ, ಚರ್ಚಿನಲ್ಲಿ ಒಬ್ಬರು ಕೂಗಿದರೆ ಉಳಿದವರು ಓಗೊಡುತ್ತಿದ್ದ ಅಮೆರಿಕದ ಕಪ್ಪುಜನರ ಹಾಡಿಕೆಯಿಂದ ಬಂದ ಗುಣ ಇದು. ಅಂದರೆ ಜಾಝ್ ಒಂದು ಸಂಭಾಷಣೆ. ಸಂಭಾಷಣೆ ಎಂದ ಮೇಲೆ, ಅಲ್ಲಿ ಕೂರುವ ಹಕ್ಕು ಯಾರಿಗಿತ್ತು ಎಂದೂ ಕೇಳಬೇಕಲ್ಲ?

ಇದನ್ನು ಕಲಿಸುವ ಶಾಲೆ ಆಗ ಇರಲಿಲ್ಲ. ಹೊಟ್ಟೆಪಾಡಿನ ಕಾರ್ಯಕ್ರಮ ಮುಗಿಸಿದ ವಾದಕರು ನಡುರಾತ್ರಿ ಕಳೆದ ಮೇಲೆ ಯಾವುದಾದರೂ ಕ್ಲಬ್ಬಿನಲ್ಲಿ ಸೇರಿ ಬೆಳಗಿನವರೆಗೆ ನುಡಿಸುತ್ತಿದ್ದರು. ‘ಜಾಮ್ ಸೆಷನ್’ ಎಂದು ಅದಕ್ಕೆ ಹೆಸರು. ಕಿರಿಯರು ಹಿರಿಯರಿಂದ ಕಲಿಯುತ್ತಿದ್ದುದು ಅಲ್ಲಿ. ಅಂಥ ಹೊತ್ತಿನಲ್ಲಿ ಅಂಥ ಜಾಗಕ್ಕೆ ಹೋಗುವ ಹೆಂಗಸನ್ನು ಜನ ಏನೆನ್ನುತ್ತಾರೆಂದು ನಮಗೆ ಯಾರೂ ವಿವರಿಸಬೇಕಿಲ್ಲ. ಹೆಂಗಸು ಹಾಡಬಹುದಿತ್ತು, ಪಿಯಾನೋ ನುಡಿಸಬಹುದಿತ್ತು. ಟ್ರಂಪೆಟ್, ಡ್ರಮ್ಮು ಗಂಡಸರ ಸೊತ್ತು. 1937ರಲ್ಲಿ ಮಿಸಿಸಿಪಿಯ ಶಾಲೆಯೊಂದರಲ್ಲಿ ಹುಟ್ಟಿದ ಹುಡುಗಿಯರ ತಂಡ ‘ಇಂಟರ್‌ನ್ಯಾಷನಲ್ ಸ್ವೀಟ್‌ಹಾರ್ಟ್ಸ್ ಆಫ್ ರಿದಮ್’ ಅವನ್ನೂ ನುಡಿಸಿ ತೋರಿಸಿತು. ದಕ್ಷಿಣದ ಹೋಟೆಲುಗಳು ಕಪ್ಪುಜನರಿಗೆ ಬಾಗಿಲು ತೆರೆಯದಿದ್ದುದರಿಂದ ಬಸ್ಸಿನಲ್ಲೇ ಉಂಡು, ಮಲಗಿ ಆ ಹುಡುಗಿಯರು ಊರೂರು ಸುತ್ತಿದರು.

ಮೇರಿ ಲೂ ವಿಲಿಯಮ್ಸ್ ಅವರದು ಇನ್ನೊಂದು ದಾರಿ. 1910ರಲ್ಲಿ ಅಟ್ಲಾಂಟದಲ್ಲಿ ಹುಟ್ಟಿ, ಪಿಟ್ಸ್‌ಬರ್ಗ್‌ನಲ್ಲಿ ಬೆಳೆದ ಆಕೆ ಕಿವಿಯಿಂದಲೇ ಪಿಯಾನೋ ಕಲಿತರು. ಆಂಡಿ ಕರ್ಕ್ ತಂಡದಲ್ಲಿ ನುಡಿಸುತ್ತಿದ್ದುದಲ್ಲದೆ, ಇಡೀ ತಂಡಕ್ಕೆ ಸಂಗೀತವನ್ನೂ ಬರೆದುಕೊಡುತ್ತಿದ್ದರು. 1933ರ ಒಂದು ರಾತ್ರಿ ಕ್ಯಾನ್ಸಸ್ ಸಿಟಿಯಲ್ಲಿ ಕೋಲ್ಮನ್ ಹಾಕಿನ್ಸ್ ಎಂಬ ದಿಗ್ಗಜನಿಗೂ ಊರಿನ ಸ್ಯಾಕ್ಸೊಫೋನ್ ವಾದಕರಿಗೂ ಪಂಥ ಬಿತ್ತು. ಬೆಳಗಿನ ನಾಲ್ಕರ ಹೊತ್ತಿಗೆ ಪಿಯಾನೋದವರೆಲ್ಲ ಸೋತು ಸುಣ್ಣವಾಗಿದ್ದರು. ಆಗ ಬೆನ್ ವೆಬ್‌ಸ್ಟರ್ ಬಂದು ತನ್ನ ಕಿಟಕಿ ಬಡಿದು ಎಬ್ಬಿಸಿದನೆಂದು ಮೇರಿ ಲೂ ಅವರೇ ಹೇಳಿಕೊಂಡಿದ್ದಾರೆ. ಹೋಗಿ ನುಡಿಸಿದರು. ಕರೆ ಬಂದದ್ದು ದಾಕ್ಷಿಣ್ಯಕ್ಕಲ್ಲ, ಆ ಕೆಲಸ ಅವರಿಂದ ಆಗುತ್ತದೆ ಎಂದು.

1940ರ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿದ್ದ ಅವರ ಮನೆಯೇ ಪಾಠಶಾಲೆಯಾಯಿತು. ತಿಲೋನಿಯಸ್ ಮಂಕ್, ಬಡ್ ಪೊವೆಲ್, ಡಿಝಿ ಗಿಲೆಸ್ಪಿ ಮುಂತಾದ ಕಿರಿಯರು ರಾತ್ರಿಯ ಕೆಲಸ ಮುಗಿಸಿ ಅಲ್ಲಿಗೆ ಬರುತ್ತಿದ್ದರು. ಹೊಸದಾಗಿ ಹೊಳೆದದ್ದನ್ನು ಪಿಯಾನೋದ ಮೇಲೆ ನುಡಿಸಿ ತೋರಿಸುವುದು, ಅವರ ಅಭಿಪ್ರಾಯ ಕೇಳುವುದು. ‘ಬೀಬಾಪ್’ ಎಂಬ ಹೊಸ ಶೈಲಿ ಬೆಳೆದ ಅಂಗಳಗಳಲ್ಲಿ ಅದೂ ಒಂದು. ಆದರೆ ಜಾಝ್ ಚರಿತ್ರೆಗಳಲ್ಲಿ ಗಂಡಸರು ಸೇರುತ್ತಿದ್ದ ಕ್ಲಬ್ಬುಗಳ ಹೆಸರು ದಪ್ಪಕ್ಷರದಲ್ಲಿದ್ದರೆ, ಈ ಮನೆಗೆ ಸಿಕ್ಕುವುದು ಒಂದೆರಡು ಸಾಲು. ಮನೆಯೊಳಗೆ ನಡೆದದ್ದು ಚರಿತ್ರೆಯಲ್ಲ ಎಂಬ ಹಳೆಯ ಲೆಕ್ಕ ಅಲ್ಲೂ ಇದೆ! ಹಾಗೆಂದು ಆಕೆಯನ್ನು ಬಂದವರನ್ನು ಉಪಚರಿಸಿದ ಗೃಹಿಣಿ ಎಂದುಕೊಳ್ಳುವುದೂ ತಪ್ಪು. 1945ರಲ್ಲಿ ಹನ್ನೆರಡು ರಾಶಿಗಳ ಮೇಲೆ ‘ಝೋಡಿಯಾಕ್ ಸ್ವೀಟ್’ ಎಂಬ ಹನ್ನೆರಡು ಭಾಗಗಳ ಕೃತಿ ರಚಿಸಿದವರು ಅವರು.

ಡ್ಯೂಕ್ ವಿಶ್ವವಿದ್ಯಾನಿಲಯ 1963ರವರೆಗೆ ಪದವಿ ತರಗತಿಗಳಿಗೆ ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿರಲಿಲ್ಲ. ಮೇರಿ ಲೂ 1977ರಿಂದ 1981ರಲ್ಲಿ ತೀರಿಕೊಳ್ಳುವವರೆಗೆ ಅಲ್ಲೇ ಪಾಠ ಹೇಳಿದರು. ಎರಡು ವರ್ಷಗಳ ನಂತರ ಅಲ್ಲಿ ತೆರೆದ ಕಪ್ಪುಜನರ ಸಂಸ್ಕೃತಿ ಕೇಂದ್ರಕ್ಕೆ ಅವರದೇ ಹೆಸರಿಟ್ಟರು.