ಅರಮನೆ ಹೋಯ್ತು, ಕೋಣೆ ಉಳೀತು (ಭಾಗ 4)

ಮಾಂಡಲೆ ಅಂದ್ರೆ ನಮಗೆ ಗೊತ್ತಿರೋದು ತಿಲಕರಿದ್ದ ಜೈಲು. ಅದೇ ಊರಲ್ಲಿ ಶ್ವೆನಾಂದಾ ಅನ್ನೋ ಬೌದ್ಧ ವಿಹಾರ ಇದೆ. ಪೂರ್ತಿ ತೇಗದ ಮರ. ಚಪ್ಪಲಿ ಬಿಟ್ಟು ಹತ್ತಿದ್ರೆ ಗೋಡೆ, ಬಾಗಿಲು ಎಲ್ಲೆಲ್ಲೂ ಕೆತ್ತನೆ. ಹೊರಗಿನ ಚಿನ್ನದ ಲೇಪ ಮಳೆಬಿಸಿಲಿಗೆ ಹೋಗಿದೆ, ಒಳಗೆ ಇನ್ನೂ ಹೊಳೆಯುತ್ತೆ.

ಮೊದಲು ಇದು ಅರಮನೆಯೊಳಗೆ ರಾಜ ಮಿಂಡಾನ್ ವಾಸವಿದ್ದ ಕಟ್ಟಡ. 1878ರಲ್ಲಿ ಆತ ತೀರಿಕೊಂಡಿದ್ದೂ ಇಲ್ಲೇ. ಅಪ್ಪನ ಆತ್ಮ ಇಲ್ಲೇ ಇದೆ ಅಂತ ಮಗ ತಿಬಾ ಹೆದರಿದ್ದನಂತೆ. ಇಡೀ ಕಟ್ಟಡ ಬಿಚ್ಚಿಸಿ, ಕೋಟೆಯ ಹೊರಗೆ ಮತ್ತೆ ಜೋಡಿಸಿ, ಭಿಕ್ಷುಗಳಿಗೆ ಕೊಟ್ಟ.

1885ರಲ್ಲಿ ಬ್ರಿಟಿಷರು ತಿಬಾನನ್ನು ಗಡೀಪಾರು ಮಾಡಿದ್ರು. ಅವನು 1916ರಲ್ಲಿ ಸತ್ತಿದ್ದು ತಿಲಕರು ಹುಟ್ಟಿದ ರತ್ನಾಗಿರಿಯಲ್ಲಿ!

1945ರ ಯುದ್ಧದಲ್ಲಿ ಕೋಟೆಯೊಳಗಿನ ಅರಮನೆ ಸುಟ್ಟುಹೋಯ್ತು. ರಾಜ ತನಗೇ ಅಂತ ಇಟ್ಟುಕೊಂಡಿದ್ದು ಬೂದಿಯಾಯ್ತು, ಬೇಡ ಅಂತ ದಾನ ಕೊಟ್ಟಿದ್ದು ಉಳೀತು.