ಅಂಕಿತವಿಲ್ಲದವರು

ಕಚೇರಿ ಮುಗಿಸಿ ಮನೆಗೆ ಹೋಗುವ ಜನ ದಾರಿಯುದ್ದಕ್ಕೂ ಆಡಿಕೊಳ್ಳುವುದು ಹಾಡಿದವರ ಮಾತನ್ನೇ. ಪಿಟೀಲು ಯಾರದೆಂದು ಕೇಳಿದರೆ ಕರಪತ್ರವನ್ನು ಹುಡುಕಬೇಕು. ಅದರಲ್ಲಿ ಅಚ್ಚಾದ ಹೆಸರಾದರೂ ಕೆಲವು ಸಲ ಅಂದು ಬಾರದೆ ಉಳಿದವರದು. ಅವರ ಬದಲಿಗೆ ಬಂದು ನುಡಿಸಿದವರ ಹೆಸರು ಎಲ್ಲಿಯೂ ಇರುವುದಿಲ್ಲ.

ಇದು ಇಂದಿನ ಮರೆವಲ್ಲ. ಕೋಲಾರದ ಸೀಮೆಯನ್ನೇ ನೋಡೋಣ. 15ನೆಯ ಶತಮಾನದಲ್ಲಿ ಶ್ರೀಪಾದರಾಜರು ಮುಳಬಾಗಿಲಿನಲ್ಲಿದ್ದು ಕನ್ನಡದಲ್ಲಿ ದೇವರನಾಮಗಳನ್ನು ರಚಿಸಿದರು. ವ್ಯಾಸರಾಯರು ಅವರಲ್ಲಿ ವ್ಯಾಸಂಗ ಮಾಡಿದವರು. ಊರ ಸಮೀಪದ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನವುಂಟು. ಹಾಡಿನ ಕೊನೆಯಲ್ಲಿ ರಂಗವಿಠಲನೆಂಬ ಅಂಕಿತವಿರುವುದರಿಂದ ಐದು ನೂರು ವರ್ಷ ಕಳೆದರೂ ಅದು ಯಾರದೆಂದು ನಮಗೆ ತಿಳಿಯುತ್ತದೆ. ಆದರೆ ಅಂತಹ ಹಾಡುಗಳಿಗೆ ತಲೆಮಾರುಗಳಿಂದ ತಂಬೂರಿ ಮೀಟಿದವರಿಗೆ, ತಾಳ ಹಾಕಿದವರಿಗೆ, ಹಿಂದೆ ಕುಳಿತು ಪಲ್ಲವಿಗೆ ದನಿಗೂಡಿಸಿದವರಿಗೆ ಅಂಕಿತವೆಲ್ಲಿಯದು?

ಪಿಟೀಲು ನಮ್ಮಲ್ಲಿ ಬೇರೂರಿದ್ದೇ ಪಕ್ಕವಾದ್ಯವಾಗಿ. ಈ ಪಾಶ್ಚಾತ್ಯ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಮೊದಲಿಗರು ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು. ಗಾಯಕನ ಆಲಾಪನೆಯನ್ನು ನೆರಳಿನಂತೆ ಅನುಸರಿಸಬೇಕು, ಅವನು ಉಸಿರೆಳೆದುಕೊಳ್ಳುವಾಗ ರಾಗದ ಎಳೆ ಕಡಿಯದಂತೆ ಕಾಯಬೇಕು, ಸರದಿ ಬಂದಾಗ ಸ್ವರಕ್ಕೆ ಸ್ವರದಿಂದಲೇ ಉತ್ತರ ಕೊಡಬೇಕು. ಆದರೂ ಮುಂದೆ ನುಗ್ಗಬಾರದು. ಕೈಯಲ್ಲಿ ವಿದ್ಯೆ ತುಂಬಿರುವವರಿಗೆ ಇದಕ್ಕಿಂತ ಕಠಿನವಾದ ಸಂಯಮ ಇನ್ನಾವುದು?

ಈ ಸಾಲಿನಿಂದ ಎದ್ದು ಬಂದು ಕೀರ್ತಿ ಪಡೆದವರಲ್ಲಿ ಒಬ್ಬರು ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ತಿರುಮಕೂಡಲು ಚೌಡಯ್ಯನವರು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಪಿಟೀಲಿನ ನಾದ ಸಭೆಯ ಕೊನೆಯವರೆಗೆ ಮುಟ್ಟುತ್ತಿರಲಿಲ್ಲ. 1927ರಲ್ಲಿ ಅವರು ನಾಲ್ಕು ತಂತಿಗಳಿಗೆ ಮತ್ತೆ ಮೂರನ್ನು ಕೂಡಿಸಿದರು. ಅರಿಯಕುಡಿ, ಚೆಂಬೈ ಮೊದಲಾದ ಘಟಾನುಘಟಿಗಳ ಪಕ್ಕದಲ್ಲಿ ಕುಳಿತು ನುಡಿಸಿದರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದನ್ನಿತ್ತಿತು. ಅವರು 1967ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಎದ್ದಿರುವ ಸಭಾಂಗಣ ಅವರ ಸ್ಮಾರಕ. ಪಕ್ಕದಲ್ಲಿ ಕುಳಿತವರೊಬ್ಬರ ಹೆಸರಿನಲ್ಲಿ ಇಂದು ಸಭೆಗೆ ಸಭೆಯೇ ನಿಂತಿದೆ.

ಆದರೆ ಎಲ್ಲರೂ ಚೌಡಯ್ಯನವರಾಗುವುದಿಲ್ಲ. ಮಾಲೂರಿನಲ್ಲಿಯೋ ಶ್ರೀನಿವಾಸಪುರದಲ್ಲಿಯೋ ರಾಮೋತ್ಸವದ ಚಪ್ಪರದಲ್ಲಿ ಜನ ಸೇರಿದ್ದಾರೆ, ಮೃದಂಗದವರಿಗೆ ಜ್ವರ. ಹೊತ್ತಿಗೆ ಸರಿಯಾಗಿ ಕರೆಸಿಕೊಂಡ ಬದಲಿ ವಿದ್ವಾಂಸರಿಗೆ ಗಾಯಕರ ಪರಿಚಯವಿಲ್ಲ, ಯಾವ ಕೃತಿ ಬರುವುದೆಂದೂ ತಿಳಿಯದು. ಮೊದಲ ಆವರ್ತದಲ್ಲಿ ಕಾಲಪ್ರಮಾಣವನ್ನು ಹಿಡಿಯುತ್ತಾರೆ, ಎರಡನೆಯದರಲ್ಲಿ ಎಡುಪನ್ನು ಅರಿಯುತ್ತಾರೆ. ಮೂರನೆಯದರ ಹೊತ್ತಿಗೆ ಸಭೆಗೆ ಅವರು ಬದಲಿ ಎಂಬುದೇ ಮರೆತಿರುತ್ತದೆ. ಕೆಲಸ ಚೆನ್ನಾದಷ್ಟೂ ಆಳು ಕಾಣದಾಗುವ ವೃತ್ತಿ ಇದು! ಆ ಉತ್ಸವದ ಚರಿತ್ರೆಯನ್ನು ಮುಂದೊಂದು ದಿನ ಕರಪತ್ರಗಳನ್ನು ನೋಡಿ ಬರೆಯುವವರು ಜ್ವರದಲ್ಲಿ ಮಲಗಿದ್ದವರೇ ನುಡಿಸಿದರೆಂದು ಬರೆದಾರು.

1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು 'ಜ್ಞಾಪಕ ಚಿತ್ರಶಾಲೆ'ಯ ಒಂದು ಸಂಪುಟವನ್ನೇ ಕಲೋಪಾಸಕರಿಗೆ ಮೀಸಲಿಟ್ಟರು. ಕಂಡವರು ಬರೆದಿಡದಿದ್ದರೆ ನಾದವೂ ಉಳಿಯದು, ನುಡಿಸಿದವರೂ ಉಳಿಯರು. ಅಷ್ಟು ದೊಡ್ಡ ಕೆಲಸ ಎಲ್ಲರಿಂದಲೂ ಆಗದು, ನಿಜ. ಆದರೆ ಉತ್ಸವ ನಡೆಸುವವರು ಕರಪತ್ರದ ಒಂದು ಪ್ರತಿಯಲ್ಲಿ ಬಾರದವರ ಹೆಸರನ್ನು ಹೊಡೆದುಹಾಕಿ, ಬಂದವರ ಹೆಸರನ್ನು ಮಸಿಯಲ್ಲಿ ಬರೆದು ತೆಗೆದಿಡಬಹುದಲ್ಲವೆ? ಅಂಕಿತವಿಲ್ಲದವರಿಗೆ ಅದೇ ಅಂಕಿತ.